ಎರಡನೇ ಸಲಕ್ಕೆ ಮುಚ್ಚಿದ ಮ್ಯಾಕುಲರ್ ಹೋಲ್: ತಲೆಯ ಕೋನ ಅಳೆದ ನನ್ನ ಅನುಭವ

ಮ್ಯಾಕುಲರ್ ಹೋಲ್ ಅಂದರೆ ಕಣ್ಣಿನ ಹಿಂದಿನ ಪರದೆಯ (ರೆಟಿನಾ) ನಟ್ಟನಡುವಿನ ಮ್ಯಾಕುಲಾದಲ್ಲಿ ಬೀಳುವ ತೂತು. ಅದರ ಆಪರೇಷನ್ ಆದಮೇಲೆ ಬೋರಲು ಮಲಗಿದರೆ ಸಾಲದು, ಮುಖ ನೇರವಾಗಿ ನೆಲ ನೋಡುತ್ತಿರಬೇಕು. ಇವೆರಡೂ ಒಂದೇ ಅಲ್ಲ. ಇದನ್ನು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್‌ನಲ್ಲಿ ತೂತು ಮುಚ್ಚಿರೋದು ಎಲ್ಲರಿಗೂ ಕಾಣುತ್ತಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು ದೊಡ್ಡ ತೂತು, ಹೆಚ್ಚುಕಡಿಮೆ 600 ಮೈಕ್ರಾನ್ (ಒಂದು ಮಿಲಿಮೀಟರ್ ಅಂದರೆ ಸಾವಿರ ಮೈಕ್ರಾನ್). 400 ದಾಟಿದರೆ ದೊಡ್ಡದು ಅಂತ ಲೆಕ್ಕ. ಮೊದಲ ಸಲ ವಿಟ್ರೆಕ್ಟಮಿ ಮಾಡಿ, ಅಂದರೆ ಕಣ್ಣೊಳಗಿನ ಲೋಳೆ ತೆಗೆದು, ರೆಟಿನಾ ಮೇಲಿನ ತೆಳು ಪದರವಾದ ಐಎಲ್‌ಎಂ ಸುಲಿದು, ಎಸ್‌ಎಫ್6 ಗ್ಯಾಸ್ ತುಂಬಿದರು. ಅದರ ಗುಳ್ಳೆ ತೂತನ್ನು ಒತ್ತಿ ಹಿಡಿದು ಮುಚ್ಚಿಸಬೇಕು. ಎರಡು ವಾರ ಆಗುವಷ್ಟರಲ್ಲಿ ಗ್ಯಾಸ್ ಕರಗಿತು. ತೂತು ಹಾಗೇ ಇತ್ತು. "ಒಂದು ಸಲ ಮುಚ್ಚದ್ದು ಇನ್ನೊಂದು ಸಲಕ್ಕೆ ಮುಚ್ಚುತ್ತಾ, ಸುಮ್ನೆ ಯಾಕೆ ದುಡ್ಡು ಸುರೀತೀರಿ" ಅಂತ ಮನೆಯವರೇ ಹೇಳಿದರು. ನನಗೆ ಆಗ ನೆನಪಿಗೆ ಬಂದದ್ದು ಈ ಆಪರೇಷನ್‌ಗೆ ದಾರಿ ತೋರಿಸಿದ ಡಾಕ್ಟರುಗಳು, ಕೆಲ್ಲಿ ಮತ್ತು ವೆಂಡೆಲ್. 1991ರಲ್ಲಿ ಅವರು ವರದಿ ಬರೆಯುವವರೆಗೆ ಈ ತೂತಿಗೆ ಮದ್ದೇ ಇಲ್ಲ ಅಂತ ಡಾಕ್ಟರುಗಳು ಕೈಚೆಲ್ಲುತ್ತಿದ್ದರು. ಅವರಿಬ್ಬರು ಆಪರೇಷನ್ ಮಾಡಿದ 52 ಕಣ್ಣುಗಳಲ್ಲಿ ಮುಚ್ಚಿದ್ದು ಶೇ. 58. ಅಂದರೆ ದಾರಿ ತೋರಿಸಿದವರ ಕೈಯಲ್ಲೇ ಹತ್ತಕ್ಕೆ ನಾಲ್ಕು ಮುಚ್ಚಿರಲಿಲ್ಲ. ಒಂದು ಸೋಲಿಗೆ ನಾನು ಯಾಕೆ ಬಿಡಲಿ?

ಮೊದಲ ಸಲ ಮುಖ ಇಡೋ ಚೌಕಟ್ಟು ಇರುವ ಕುರ್ಚಿ ಬಾಡಿಗೆಗೆ ತಂದಿದ್ದೆ. ಇಡೀ ಖರ್ಚಿನಲ್ಲಿ ಹೆಚ್ಚು ಹೊಟ್ಟೆ ಉರಿಸಿದ್ದು ಅದೇ. ಹೊಸದರಲ್ಲಿ ಸರಿಯಾಗಿ ಕಾಣುತ್ತೆ. ಅರ್ಧ ಗಂಟೆ ಕೂತರೆ ಮೈ ಕೆಳಗೆ ಜಾರುತ್ತೆ, ಗದ್ದ ಮುಂದೆ ಬರುತ್ತೆ, ಮುಖ ಎದುರಿನ ಗೋಡೆ ಕಡೆ ತಿರುಗುತ್ತೆ. ರಾತ್ರಿ ಮನೆಯವರು ತೆಗೆದ ಫೋಟೊಗಳನ್ನು ಆಮೇಲೆ ಒಂದೊಂದಾಗಿ ನೋಡಿದೆ. ಮೈ ಬೋರಲು, ಕೆನ್ನೆ ದಿಂಬಿನ ಮೇಲೆ! ಗ್ಯಾಸ್ ಯಾವಾಗಲೂ ಮೇಲಕ್ಕೇ ಹೋಗುತ್ತೆ. ಕೆನ್ನೆ ಮೇಲೆ ಮಲಗಿದರೆ ಅದು ಕಣ್ಣಿನ ಪಕ್ಕದ ಗೋಡೆಗೆ ಒತ್ತುತ್ತೆ, ಮ್ಯಾಕುಲಾ ಇರುವ ಹಿಂದಿನ ಗೋಡೆಗಲ್ಲ. ಗುಳ್ಳೆ ಕಣ್ಣು ತುಂಬಾ ಇರುವಾಗ ಸ್ವಲ್ಪ ಆಚೀಚೆ ಆದರೂ ನಡೆಯುತ್ತೆ. ಚಿಕ್ಕದಾಗುತ್ತಾ ಬಂದ ಹಾಗೆ ಕೋನ ಬಿಗಿಯಾಗಬೇಕು.

ಎರಡನೇ ಆಪರೇಷನ್‌ನಲ್ಲಿ ಡಾಕ್ಟರ್, ಮೊದಲು ಸುಲಿಯದೆ ಬಿಟ್ಟಿದ್ದ ಜಾಗದಿಂದ ಐಎಲ್‌ಎಂ ಚೂರೊಂದನ್ನು ಬಿಡಿಸಿ ತೂತಿನ ಮೇಲೆ ಕೂರಿಸಿದರು. ಈ ಸಲದ ಗ್ಯಾಸ್ ಸಿ3ಎಫ್8, ಮೊದಲಿನದಕ್ಕಿಂತ ನಿಧಾನಕ್ಕೆ ಕರಗುವಂಥದ್ದು. ಅರ್ಧ ಪುಣ್ಯ ಆ ಕೈಗೆ ಸೇರಬೇಕು, ಅದರಲ್ಲಿ ಎರಡು ಮಾತಿಲ್ಲ. ಇನ್ನರ್ಧ ನನ್ನದು ಅಂತಲೇ ಹೇಳುತ್ತೇನೆ.

ಮೂಲೆಯಲ್ಲಿದ್ದ ಹಳೇ ಫೋನ್ ಒಂದನ್ನು ತಲೆಗೆ ಕಟ್ಟುವ ಬಟ್ಟೆಪಟ್ಟಿಯ ಹಿಂಭಾಗಕ್ಕೆ ಹೊಲಿದೆ. ಅದರೊಳಗೆ ಓರೆ ಅಳೆಯುವ ಸೆನ್ಸರ್ ಇದ್ದೇ ಇರುತ್ತೆ. ಮುಖ 20 ಡಿಗ್ರಿಗಿಂತ ಜಾಸ್ತಿ ಓರೆಯಾಗಿ ಅರ್ಧ ನಿಮಿಷ ಇದ್ದರೆ ಗುರ್ ಅಂತ ನಡುಗೋ ಹಾಗೆ ಮಾಡಿಕೊಂಡೆ. ಮೊದಲ ರಾತ್ರಿ ಅದು ಬಾಯಿ ಮುಚ್ಚಲೇ ಇಲ್ಲ. ಮೂರನೇ ರಾತ್ರಿಯ ಹೊತ್ತಿಗೆ ಕುತ್ತಿಗೆ ತಾನೇ ಪಾಠ ಕಲಿತಿತ್ತು. ಹಗಲು ಮೇಜಿನ ಮೇಲೆ ಹಣೆ ಇಟ್ಟು ಕೂರುತ್ತಿದ್ದೆ. ಕೋನ ಸರಿ ಇದ್ದರೆ ಕೂತದ್ದೂ ಲೆಕ್ಕಕ್ಕೆ ಬರುತ್ತೆ, ಅದಕ್ಕೆ ಮಲಗಲೇಬೇಕು ಅಂತಿಲ್ಲ. ಹಣೆ ಮತ್ತು ಕೆನ್ನೆಮೂಳೆಗೆ ಫೋಮ್ ಯಾವ ಆಕಾರಕ್ಕೆ ಕತ್ತರಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಅದು ಎದುರಿಗೆ ಕೂರಿಸಿಕೊಂಡು ಹೇಳಿಕೊಡುವ ವಿದ್ಯೆ. ಕಣ್ಣುಗುಡ್ಡೆಗೆ ಏನೂ ತಾಗಬಾರದು, ಅಷ್ಟು ನೋಡಿಕೊಳ್ಳಿ. ಮೊಣಕೈ ಮೇಲೆ ಭಾರ ಬಿಡಬೇಡಿ, ಕಿರುಬೆರಳು ಜೋಮು ಹಿಡಿದರೆ ವಾರಗಟ್ಟಲೆ ಬಿಡಲ್ಲ. ಒಟ್ಟು ಖರ್ಚು ಕುರ್ಚಿ ಬಾಡಿಗೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಸುಮ್ಮನೆ ಕೂರಲಾರದೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ತಲೆ ಎತ್ತಲು ಅನುಮತಿ ಸಿಕ್ಕಮೇಲೆ ಗುಳ್ಳೆಯ ಅಂಚು ಅಡ್ಡಗೆರೆಯಾಗಿ ಕಾಣುತ್ತೆ, ಅಲ್ವಾ? ದಿನಾ ಬೆಳಗ್ಗೆ ಮನೆಯ ಒಂದೇ ಕುರ್ಚಿಯಲ್ಲಿ ಕೂತು, ಒಳ್ಳೆ ಕಣ್ಣು ಮುಚ್ಚಿ, ಗೆರೆ ಗೋಡೆಯ ಮೇಲೆ ಎಲ್ಲಿ ಬೀಳುತ್ತೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಸಿದೆ. ಕಣ್ಣಿನೊಳಗೆ ಗ್ಯಾಸ್ ಮೇಲೇ ಇದ್ದರೂ ನಮಗೆ ಕಾಣೋದು ತಲೆಕೆಳಗು. ಹಾಗಾಗಿ ಮೇಲಿಂದ ಬೆಳಕು ತೆರೆಯುತ್ತಾ ಗೆರೆ ಕೆಳಗಿಳಿಯುತ್ತೆ. ಗುರುತುಗಳ ಅಂತರ ನೋಡಿ ಗುಳ್ಳೆ ಹೋಗುವ ವಾರ ಇದೇ ಅಂತ ಮೊದಲೇ ಹೇಳಿದೆ. ಏಳನೇ ವಾರದ ಆಚೀಚೆ ಹೋಯಿತು, ನನ್ನ ಲೆಕ್ಕ ತಪ್ಪಲಿಲ್ಲ. ಗುಳ್ಳೆ ಪೂರ್ತಿ ಹೋಗುವವರೆಗೆ ವಿಮಾನ ಬೇಡ, ಎತ್ತರದ ಬೆಟ್ಟ ಬೇಡ, ನೈಟ್ರಸ್ ಆಕ್ಸೈಡ್ ಅರಿವಳಿಕೆ ಬೇಡ. ಕಣ್ಣು ಜೋರಾಗಿ ನೋಯ್ತಾ ಇದ್ದರೆ ಒತ್ತಡ ಏರಿರಬಹುದು, ಬೆಳಗಾಗಲಿ ಅಂತ ಕಾಯಬೇಡಿ.

ತೂತು ಮುಚ್ಚಿದ ತಕ್ಷಣ ದೃಷ್ಟಿ ಬರಲ್ಲ. ಇಲ್ಲೇ ಬಹಳ ಜನ ನಿರಾಶರಾಗೋದು. ಮೊದಲು ತೂತಿನ ಅಂಚುಗಳು ಕೂಡಿಕೊಳ್ಳಬೇಕು, ಆಮೇಲೆ ಓಸಿಟಿಯಲ್ಲಿ ಎಲಿಪ್ಸಾಯ್ಡ್ ಝೋನ್ ಅನ್ನೋ ಬಿಳಿ ಗೆರೆ (ಬೆಳಕು ಹಿಡಿಯುವ ಕೋಶಗಳ ಗುರುತು) ಎರಡೂ ಬದಿಯಿಂದ ನಿಧಾನಕ್ಕೆ ಹತ್ತಿರ ಬರಬೇಕು. ತಿಂಗಳುಗಳೇ ಹಿಡಿಯುತ್ತೆ. ಈ ಮಧ್ಯೆ ಬೇಗ ಆಗಲಿ ಅಂತ ಮಾತ್ರೆ ಡಬ್ಬಿಗಳಿಗೂ ಕಣ್ಣಿನ ವ್ಯಾಯಾಮದ ಪಾಠಕ್ಕೂ ಸಾಕಷ್ಟು ದುಡ್ಡು ಹೋಯಿತು. ನನ್ನ ಮಟ್ಟಿಗೆ ಒಂದರಿಂದಲೂ ಕೂದಲೆಳೆಯಷ್ಟು ವ್ಯತ್ಯಾಸ ಆಗಲಿಲ್ಲ.

ಗೆರೆಗಳು ಸೊಟ್ಟ ಕಾಣುತ್ತವಾ ಅಂತ ನೋಡುವ ಚೌಕುಳಿ ಹಾಳೆ, ಅಂದರೆ ಆಮ್ಸ್ಲರ್ ಗ್ರಿಡ್ ಜೊತೆಗೆ ನನ್ನದೇ ಒಂದು ಅಕ್ಷರದ ಹಾಳೆ ಮಾಡಿಕೊಂಡೆ. ಇದು ನನಗೆ ಹೆಮ್ಮೆಯ ವಿಷಯ. ಆಸ್ಪತ್ರೆಯ ಚಾರ್ಟ್‌ನಲ್ಲಿ ಒಂದು ಸಾಲು ಹೆಚ್ಚಾಗಲು ತಿಂಗಳು ಬೇಕು, ನಮ್ಮ ಅಕ್ಷರಗಳು ವಾರವಾರ ಸುದ್ದಿ ಹೇಳುತ್ತವೆ. ದ, ಧ, ಥ ಪಕ್ಕಪಕ್ಕ ಬರೆದೆ. ಪ, ಷ, ಫ ಇನ್ನೊಂದು ಸಾಲು. ಕೆಳಗೆ ಒತ್ತಕ್ಷರದ ಪದಗಳು. ಮೊದಲು ಮೂರಕ್ಷರದ ಪದದ ನಡುವಿನ ಅಕ್ಷರವೇ ಕಾಣುತ್ತಿರಲಿಲ್ಲ. ಆಮೇಲೆ ಅದು ಹಿಂಡಿದ ಹಾಗೆ, ಪಕ್ಕದವೆಲ್ಲ ಅದರ ಕಡೆ ವಾಲಿದ ಹಾಗೆ ಕಂಡಿತು. ಎರಡು ತಿಂಗಳ ಹೊತ್ತಿಗೆ ಪ ಮತ್ತು ಷ ಬೇರೆಯಾದವು. ಥದ ಹೊಟ್ಟೆಯೊಳಗಿನ ಚುಕ್ಕೆ ಸಿಕ್ಕಿದ್ದು ಬಹಳ ತಡವಾಗಿ, ಒತ್ತಕ್ಷರಗಳು ಅದಕ್ಕೂ ಆಮೇಲೆ. ಪ್ರತಿ ಸಲ ಅದೇ ದೀಪ, ಅದೇ ದೂರ ಇರಲಿ, ಇಲ್ಲದಿದ್ದರೆ ಹಾಳೆ ಸುಳ್ಳು ಹೇಳುತ್ತೆ.

ಆಪರೇಷನ್‌ಗೆ ಮುಂಚೆ 6/60 (ಸರಿಯಾದ ಕಣ್ಣಿಗೆ 60 ಮೀಟರ್ ದೂರದಿಂದ ಕಾಣೋದು ನನಗೆ 6 ಮೀಟರ್‌ನಲ್ಲಿ) ಇದ್ದದ್ದು ಮೂರ್ನಾಲ್ಕು ತಿಂಗಳಿಗೆ 6/24 ಆಯಿತು. ಆಮೇಲೆ ಮತ್ತೆ ಮಂಜಾಯಿತು. ತೂತು ತೆರೆದುಕೊಂಡಿತು ಅಂತ ಎಲ್ಲರೂ ಗಾಬರಿಯಾದರು. ಅದು ಕಣ್ಣಿನ ಪೊರೆ. ವಯಸ್ಸು 50 ದಾಟಿದವರಿಗೆ ವಿಟ್ರೆಕ್ಟಮಿ ಆದಮೇಲೆ ಪೊರೆ ಬರೋದು ಮಾಮೂಲು, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ. ಪೊರೆ ತೆಗೆಸಿದ ಮೇಲೆ 6/12. ಲೋಟಕ್ಕೆ ನೀರು ಹಾಕಿದರೆ ಈಗ ಹೊರಗೆ ಚೆಲ್ಲಲ್ಲ. ನಟ್ಟನಡುವೆ ಗೆರೆ ಇನ್ನೂ ಸ್ವಲ್ಪ ಹಿಂಡಿದ ಹಾಗಿದೆ, ಒಂದು ವರ್ಷ ದಾಟಿದರೂ ಅದು ಕಡಿಮೆಯಾಗುತ್ತಲೇ ಇದೆ.

ಸಣ್ಣ ತೂತಿನವರಿಗೆ ಇಷ್ಟೆಲ್ಲ ಬೇಕಾಗಿಲ್ಲದೆಯೂ ಇರಬಹುದು, ಬೋರಲು ಇರಿ ಅಂತ ಹೇಳದೆ ಕಳಿಸುವ ಡಾಕ್ಟರುಗಳೂ ಇದ್ದಾರೆ. ತೂತು ಎಷ್ಟು ಮೈಕ್ರಾನ್, ಯಾವ ಗ್ಯಾಸ್, ಎಷ್ಟು ದಿನ ಬೋರಲು, ಈ ಮೂರನ್ನೂ ಆಪರೇಷನ್‌ಗೆ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ. ಫೋನಿನ ಪಟ್ಟಿ ಕಟ್ಟಿ ಮಲಗುವ ಅಭ್ಯಾಸವನ್ನೂ ಒಂದು ವಾರ ಮೊದಲೇ ಶುರುಮಾಡಿ.