ಮಳೆಗಾಲದ ಬೆಳಿಗ್ಗೆ ಹಳೇ ಕಾರು ಸ್ಟಾರ್ಟ್ ಆಗದಿದ್ದರೆ

ನನ್ನದು 1996ರ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಕಾರು, ಮೂರು ಸಿಲಿಂಡರ್. ತೀರ್ಥಹಳ್ಳಿಯ ಮಳೆಗೆ ಜುಲೈನಲ್ಲಿ ವಾರಕ್ಕೊಮ್ಮೆಯಾದರೂ ಮುನಿಸಿಕೊಳ್ಳುತ್ತದೆ.

ಕೀ ತಿರುಗಿಸಿದಾಗ ಬರೀ ಟಕ್ ಟಕ್ ಅಂದರೆ ಮೊದಲು ಬ್ಯಾಟರಿ ನೋಡಿ. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದೆಯಾ? ಮೈನಸ್ ವಯರ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಒರೆಸಿ. ಜೋಡಿಸುವಾಗ ಪ್ಲಸ್ ಮೊದಲು. ಹೀಗೆ ತಿಕ್ಕಿದರೆ ಸಾಕಾಗಬಹುದು ಅಂತ ಗೊತ್ತಿಲ್ಲದೆ ನಾನು ಒಮ್ಮೆ ಸುಮ್ನೆ ಹೊಸ ಬ್ಯಾಟರಿ ಕೊಂಡಿದ್ದೆ! ಮಲ್ಟಿಮೀಟರ್ ಇದ್ದರೆ ಅಳೆಯಿರಿ: ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಏರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದನ್ನು ತಿರುಗಿಸುವ ಬೆಲ್ಟ್ ಕಡೆ ಅನುಮಾನ.

ಎಂಜಿನ್ ಜೋರಾಗಿ ತಿರುಗಿಯೂ ಹೊತ್ತಿಕೊಳ್ಳುತ್ತಿಲ್ಲವಾ? ನಮ್ಮ ಕಡೆ ಹೆಚ್ಚಾಗಿ ಅದು ತೇವದ ಕಾಟ. ಕೀ ತೆಗೆದಿಡಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ (ಕಿಡಿ ಹಾರಿಸುವ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗದ ಮುಚ್ಚಳ) ಬಿಚ್ಚಿ, ಒಳಗೂ ಹೊರಗೂ ಒಣ ಹತ್ತಿಬಟ್ಟೆಯಿಂದ ಒರೆಸಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಬೇಕು. ಪ್ಲಗ್ ವಯರ್‌ಗಳನ್ನು ಕೀಳುವ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ನಾನು ಎರಡನ್ನು ಅದಲುಬದಲು ಮಾಡಿ, ಅರ್ಧ ದಿನ ಕಾರ್ಬುರೇಟರ್‌ಗೆ ಬೈದುಕೊಂಡು ಕೂತಿದ್ದೆ.

ಪೆಟ್ರೋಲ್ ವಾಸನೆ ಜಾಸ್ತಿ ಬಂದರೆ ಪ್ಲಗ್ ನೆನೆದಿರಬಹುದು. ಆಗ ಚೋಕ್ (ತಣ್ಣಗಿರುವ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಸಿಗಲು ಎಳೆಯುವ ಗುಬ್ಬಿ) ಎಳೆಯಬೇಡಿ. ಹತ್ತು ನಿಮಿಷ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಮತ್ತೆ ಕೀ ತಿರುಗಿಸಿ.