ಪಕ್ಕದ ಗಾಡಿಗಿಂತ ನೀವೆಷ್ಟು ಜೋರು, ಎಷ್ಟು ನಿಧಾನ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮಂಗಳೂರಿಗೆ ಅಡಿಕೆ, ತೆಂಗಿನಕಾಯಿ ಸಾಗಿಸುವ ಪಿಕಪ್ ಓಡಿಸಲು ಶುರುಮಾಡಿ 19 ವರ್ಷ ಆಯಿತು. ಲೋಡು ಇದ್ದಾಗ ರಸ್ತೆಯಲ್ಲಿ ನನ್ನದೇ ನಿಧಾನದ ಗಾಡಿ. ಖಾಲಿ ಬರುವಾಗ ಸ್ವಲ್ಪ ಜೋರು. ಹಾಗಾಗಿ ಎರಡೂ ಕಡೆಯ ಕಷ್ಟ ನನಗೆ ಗೊತ್ತು. ಹೊಸದಾಗಿ ಲೈಸೆನ್ಸ್ ಆಗಿ ಹೆದ್ದಾರಿಗೆ ಇಳಿಯುವ ನಮ್ಮೂರ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೀಟರ್ ನೋಡಿ ಓಡಿಸಲು ಎಲ್ಲರೂ ಹೇಳಿಕೊಡುತ್ತಾರೆ. ಮುಂದಿನ ಗಾಡಿಗಿಂತ, ಹಿಂದಿನ ಗಾಡಿಗಿಂತ ನಾವೆಷ್ಟು ಜೋರು ಅಂತ ಲೆಕ್ಕ ಹಾಕಲು ಮಾತ್ರ ನನಗೆ ಯಾರೂ ಕಲಿಸಲಿಲ್ಲ.

2023ರ ಜುಲೈಯಿಂದ ಕೇರಳದ ಆರು ಪಥದ ಹೆದ್ದಾರಿಯಲ್ಲಿ ಕಾರಿಗೆ ಗರಿಷ್ಠ 110 ಕಿ.ಮೀ. ವೇಗ ಬಿಟ್ಟಿದ್ದಾರೆ. ಲೋಡು ಹೊತ್ತ ನಾನು 60ರಲ್ಲಿ ಇರುತ್ತೇನೆ. ಇಬ್ಬರೂ ತಪ್ಪು ಮಾಡಿಲ್ಲ, ಆದರೂ ನಡುವೆ 50ರ ವ್ಯತ್ಯಾಸ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. 100 ಮೀಟರ್ ಮುಂದೆ ಕಂಡ ನನ್ನ ಪಿಕಪ್ 7 ಸೆಕೆಂಡಿನಲ್ಲಿ ನಿಮ್ಮ ಬಂಪರ್ ಹತ್ತಿರ ಇರುತ್ತದೆ. ಮೊಬೈಲ್ ನೋಡಿ ತಲೆ ಎತ್ತುವಷ್ಟರಲ್ಲಿ ಅರ್ಧ ಸಮಯ ಹೋಯಿತು.

ಇದು ನನಗೆ ಅರ್ಥವಾದದ್ದು ಒಂದು ಬೆಳಗಿನ ಜಾವ, ಬಂದ್ಯೋಡು ದಾಟಿದ ಮೇಲೆ. ಇನ್ನೂ ಕತ್ತಲೆ. 40ರಲ್ಲಿ ನಡುವಿನ ಪಥದಲ್ಲಿದ್ದೆ. ಹಿಂದಿನ ಒಂದು ಲೈಟ್ ಉರಿಯುತ್ತಿರಲಿಲ್ಲ. ಹಿಂದಿನಿಂದ ಬಂದ ಕಾರು ನನ್ನ ಬಲಗನ್ನಡಿಯನ್ನು ಕಿತ್ತುಕೊಂಡು ಹೋಯಿತು. ಆ ಹುಡುಗ ಮುಂದೆ ನಿಲ್ಲಿಸಿ, ನಡುಗುತ್ತಾ ಬಂದು ಹೇಳಿದ: "ಅಣ್ಣಾ, ನೀವು ಹೋಗ್ತಾ ಇದ್ದೀರಿ ಅಂತ ಗೊತ್ತಾಯ್ತು. ಇಷ್ಟು ನಿಧಾನ ಅಂತ ಗೊತ್ತಾಗ್ಲಿಲ್ಲ." ಅವನು ಹೇಳಿದ್ದು ಸರಿ. ಕತ್ತಲಲ್ಲಿ ಕೆಂಪು ಚುಕ್ಕೆ ಮಾತ್ರ ಕಾಣುತ್ತದೆ, ಅದರ ವೇಗ ಕಾಣುವುದಿಲ್ಲ.

ಆದ್ದರಿಂದ ಮೊದಲ ಅಭ್ಯಾಸ ಇದು. ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ ಮನಸ್ಸಿನಲ್ಲಿ "ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ" ಎಂದು ಎಣಿಸಿ. ಅಷ್ಟಾದ ಮೇಲೆಯೇ ನೀವು ಆ ಕಂಬ ಮುಟ್ಟಬೇಕು. ಸ್ವಲ್ಪ ಬಿಟ್ಟು ಇನ್ನೊಂದು ಕಂಬಕ್ಕೆ ಮತ್ತೆ ಎಣಿಸಿ. ಮೂರು ಇದ್ದದ್ದು ಎರಡಾಗಿದ್ದರೆ ನೀವು ಅವನಿಗಿಂತ ಜೋರು ಇದ್ದೀರಿ. ಆಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಬ್ರೇಕ್‌ವರೆಗೆ ಹೋಗಬೇಕಾಗಿಲ್ಲ.

ಮಗಳು ಸಿವಿಲ್ ಎಂಜಿನಿಯರಿಂಗ್ ಓದುವಾಗ ಒಂದು ವಿಷಯ ಹೇಳಿದಳು. 1964ರಲ್ಲಿ ಅಮೆರಿಕದ ಡೇವಿಡ್ ಸೋಲೊಮನ್ ಎಂಬವರು ಹಳ್ಳಿ ಕಡೆಯ ಹೆದ್ದಾರಿಗಳ ಅಪಘಾತಗಳನ್ನು ಲೆಕ್ಕ ಹಾಕಿದರಂತೆ. ಉಳಿದವರ ಸರಾಸರಿ ವೇಗಕ್ಕಿಂತ ತುಂಬಾ ಜೋರು ಇದ್ದವರೂ, ತುಂಬಾ ನಿಧಾನ ಇದ್ದವರೂ ಜಾಸ್ತಿ ಅಪಘಾತಕ್ಕೆ ಸಿಕ್ಕಿದ್ದರು. ಆಮೇಲೆ ಬೇರೆಯವರು ಪರೀಕ್ಷಿಸಿದಾಗ, ಆ ನಿಧಾನದವರಲ್ಲಿ ತುಂಬಾ ಜನ ತಿರುಗುತ್ತಿದ್ದವರು, ರಸ್ತೆಗೆ ಸೇರುತ್ತಿದ್ದವರು ಅಂತ ಗೊತ್ತಾಯಿತು. ನನಗೆ ಕೂಡಲೇ ಉಪ್ಪಳ, ಹೊಸಂಗಡಿಯಲ್ಲಿ ಗಾಡಿಗಳು ಹೆದ್ದಾರಿಗೆ ಸೇರುವ ಜಾಗ ಕಣ್ಣ ಮುಂದೆ ಬಂತು.

ಸರ್ವಿಸ್ ರೋಡಿನಿಂದ ಹೆದ್ದಾರಿಗೆ ಸೇರುವ ಜಾಗವನ್ನೇ ಚೆನ್ನಾಗಿ ಕಲಿಯಬೇಕು. ಇಂಡಿಕೇಟರ್ ಹಾಕಿ, ಬಲಗನ್ನಡಿ ನೋಡಿ, ಆಮೇಲೆ ತಲೆಯನ್ನೂ ತಿರುಗಿಸಿ ನೋಡಿ. ಸೇರುವ ಪಟ್ಟಿ ಇರುವುದೇ ವೇಗ ಹೆಚ್ಚಿಸಿಕೊಳ್ಳಲು. ಅಲ್ಲೇ ಎಡ ಪಥದವರ ವೇಗಕ್ಕೆ ಬಂದು ಸೇರಿಕೊಳ್ಳಿ. 30ರಲ್ಲಿ ಸುಮ್ನೆ ನುಗ್ಗಬೇಡಿ. ಹೊರಗೆ ಹೋಗುವಾಗ ಇದೇ ತಿರುಗುಮುರುಗು: ಮೊದಲೇ ಎಡಕ್ಕೆ ಬನ್ನಿ, ಇಂಡಿಕೇಟರ್ ಹಾಕಿ, ಹೆದ್ದಾರಿಯ ಪಥ ಬಿಟ್ಟ ಮೇಲೆ ಬ್ರೇಕ್ ಒತ್ತಿ. ದಾರಿ ತಪ್ಪಿದರೆ ಮುಂದಿನದ್ದರಲ್ಲಿ ಇಳಿಯಿರಿ. ಹಿಂದಕ್ಕೆ ಬರುವವರನ್ನು ನೋಡಿದ್ದೇನೆ, ಎದೆ ಒಡೆಯುತ್ತದೆ.

ಎಲ್ಲರೂ 120ರಲ್ಲಿ ಹೋದರೆ ನಾವೂ ಹೋಗಬೇಕಾ? ಬೇಡ. 80ರಲ್ಲಿರುವ ಕಾರು, 100ರಲ್ಲಿರುವ ಕಾರು ಒಂದೇ ಜಾಗದಲ್ಲಿ ಒಟ್ಟಿಗೆ ಬ್ರೇಕ್ ಒತ್ತಿದವು ಅಂತ ಇಟ್ಟುಕೊಳ್ಳಿ. ಮೊದಲನೆಯದು ನಿಂತ ಜಾಗದಲ್ಲಿ ಎರಡನೆಯದು ಇನ್ನೂ 60ರಲ್ಲಿ ಇರುತ್ತದೆ. ಬೋರ್ಡಿನ ವೇಗದ ಒಳಗೇ ಇದ್ದು ಎಡಕ್ಕೆ ಸರಿಯಿರಿ, ಅವಸರದವರು ಬಲದಿಂದ ಹೋಗಲಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. 80ರ ಬದಲು 90ರಲ್ಲಿ ಹೋದರೆ ಉಳಿಯುವುದು ನಾಲ್ಕೇ ನಿಮಿಷ.

ವ್ಯತ್ಯಾಸ ಬೇಕಾಗುವುದು ಒಂದೇ ಕಡೆ, ಓವರ್‌ಟೇಕ್ ಮಾಡುವಾಗ. ಸೀತಾಂಗೋಳಿಯ ಎರಡು ಪಥದ ರಸ್ತೆಯಲ್ಲಿ ಬಸ್ಸಿಗಿಂತ ಬರೀ 5 ಜಾಸ್ತಿ ಇದ್ದರೆ, 50 ಮೀಟರ್ ಮುಂದೆ ಬರಲು 36 ಸೆಕೆಂಡ್ ಎದುರಿನವರ ಪಥದಲ್ಲೇ ಇರಬೇಕಾಗುತ್ತದೆ. 20 ಜಾಸ್ತಿ ಇದ್ದರೆ 9 ಸೆಕೆಂಡ್ ಸಾಕು. ಅಷ್ಟು ವೇಗ ಸಿಗದಿದ್ದರೆ, ಎದುರು ಅಷ್ಟು ದೂರ ಕಾಣದಿದ್ದರೆ, ಬಸ್ಸಿನ ಹಿಂದೆಯೇ ಇರಿ.

ಆಷಾಢದ ಮಳೆಯಲ್ಲಿ ಎಣಿಕೆ ಐದಕ್ಕೆ ಏರಿಸಿ, ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸಬೇಡಿ. ನೀವು ನಿಂತಿದ್ದೀರಾ, ಹೋಗುತ್ತಿದ್ದೀರಾ, ತಿರುಗುತ್ತೀರಾ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ.

ನಿಧಾನದ ಗಾಡಿ ಇರುವವರು ಎಡ ಪಥ ಬಿಡಬೇಡಿ. ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. ನಾನು ಪ್ರತಿ ಭಾನುವಾರ ಸಂಜೆ ಹೆಂಡತಿಯನ್ನು ಪಿಕಪ್ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತುತ್ತೇನೆ. "ಎರಡೂ ಉಂಟು" ಅಂತ ಅವಳು ಹೇಳಿದ ಮೇಲೆಯೇ ಸೋಮವಾರದ ಲೋಡು ಹಾಕಿಸುವುದು.