ಗಂಜಿನ ಅಂಗಡಿಗೆ ಕ್ಲೌಡ್ ಕಚೇರಿ ತಂತ್ರಾಂಶ ಆರಿಸಿಕೊಳ್ಳುವ ಬಗೆ

ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ಅಡತ್ (ದಲ್ಲಾಳಿ) ಅಂಗಡಿ ಇಟ್ಟವರಾಗಲಿ, ಐದಾರು ಜನರೊಂದಿಗೆ ತೊಗರಿ ಬೇಳೆ ಮಿಲ್ಲು ನಡೆಸುವವರಾಗಲಿ, ಪತ್ರ, ದರಪಟ್ಟಿ, ಬಾಕಿಯ ಹಾಳೆಗಳನ್ನೆಲ್ಲ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರೆ, ಅದು ಕೆಟ್ಟ ದಿನ ವ್ಯವಹಾರವೂ ನಿಲ್ಲುತ್ತದೆ. ಕ್ಲೌಡ್ ತಂತ್ರಾಂಶದಲ್ಲಿ ಕಡತಗಳು ಸೇವೆ ಒದಗಿಸುವವರ ಸರ್ವರಿನಲ್ಲಿರುವುದರಿಂದ ಮಿಲ್ಲಿನಿಂದಲೂ ಮನೆಯಿಂದಲೂ ಅವುಗಳನ್ನು ತೆರೆಯಬಹುದು. ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಝೋಹೋ ವರ್ಕ್‌ಪ್ಲೇಸ್ ಮೂರರಲ್ಲಿಯೂ ಇಮೇಲ್, ಬರವಣಿಗೆ, ಲೆಕ್ಕದ ಹಾಳೆ ಇದ್ದೇ ಇವೆ. ಆದ್ದರಿಂದ ಸೌಲಭ್ಯಗಳ ಪಟ್ಟಿಯನ್ನು ಹೋಲಿಸುತ್ತ ಕೂರದೆ, ಉಚಿತ ಪ್ರಯೋಗದ ಅವಧಿಯಲ್ಲಿ ನಿಮ್ಮ ಅಂಗಡಿಯ ಕಾಗದಗಳನ್ನೇ ಹಾಕಿ ಪರೀಕ್ಷಿಸಬೇಕು.

ಮೊದಲು ಕನ್ನಡದ ಕಡತಗಳನ್ನು ನೋಡಿ. ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪತ್ರಗಳು, ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿರುವುದರಿಂದ, ಆ ಫಾಂಟು ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಇದು ಯಾವ ಕ್ಲೌಡ್ ತಂತ್ರಾಂಶದ ದೋಷವೂ ಅಲ್ಲ. ಪರಿವರ್ತಕದ ಮೂಲಕ ಅವುಗಳನ್ನು ಯುನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಾರೆ ತಾಳೆ ನೋಡಿದ ಮೇಲೆಯೇ ಕ್ಲೌಡಿಗೆ ಏರಿಸಿ. ಈ ಶ್ರಮ ಸಾರ್ಥಕವಾದುದು, ಏಕೆಂದರೆ ಆಮೇಲೆ ‘ತೊಗರಿ’ ಎಂದು ಹುಡುಕಿದರೆ ಹಳೆಯ ಪತ್ರವೂ ಸಿಗುತ್ತದೆ.

ಎರಡನೆಯದು ಇಂಟರ್ನೆಟ್ ಕಡಿತ. ಗೂಗಲ್ ಡಾಕ್ಸ್ ಆಫ್‌ಲೈನ್ ಕೆಲಸ ಮಾಡುತ್ತದೆಯಾದರೂ, ಸಂಪರ್ಕ ಇರುವಾಗಲೇ ಆ ವ್ಯವಸ್ಥೆಯನ್ನು ಕ್ರೋಮ್‌ನಲ್ಲಿ ಚಾಲೂ ಮಾಡಿಟ್ಟಿರಬೇಕು. ಮೈಕ್ರೋಸಾಫ್ಟ್‌ನ ಬಿಸಿನೆಸ್ ಬೇಸಿಕ್ ಯೋಜನೆಯಲ್ಲಿ ವೆಬ್ ಮತ್ತು ಮೊಬೈಲ್ ಆವೃತ್ತಿಗಳಷ್ಟೇ ಸಿಗುತ್ತವೆ. ಕಂಪ್ಯೂಟರಿನಲ್ಲಿ ಸ್ಥಾಪಿಸುವ ವರ್ಡ್, ಎಕ್ಸೆಲ್ ಬೇಕಾದರೆ ಬಿಸಿನೆಸ್ ಸ್ಟ್ಯಾಂಡರ್ಡ್‌ನಂಥ ಯೋಜನೆ ಕೊಳ್ಳಬೇಕು. ಸಂಪರ್ಕ ಪದೇ ಪದೇ ಹೋಗುವ ಅಂಗಡಿಗೆ ಈ ಹೆಚ್ಚಿನ ಹಣ ದಂಡವಲ್ಲ ಎಂಬುದು ನನ್ನ ಅಭಿಪ್ರಾಯ. ಮುನೀಮರ ಎಕ್ಸೆಲ್ ಹಾಳೆಯಲ್ಲಿ ಮ್ಯಾಕ್ರೋಗಳಿದ್ದರಂತೂ (ಪದೇ ಪದೇ ಮಾಡುವ ಕೆಲಸವನ್ನು ತಾನಾಗಿಯೇ ಮಾಡುವ ಆದೇಶಗಳು) ಸ್ಥಾಪಿಸುವ ಎಕ್ಸೆಲ್ಲೇ ಬೇಕು, ವೆಬ್ ಎಕ್ಸೆಲ್‌ನಲ್ಲಿ ಅವು ನಡೆಯುವುದಿಲ್ಲ.

ಶುಲ್ಕವನ್ನು ಬಳಕೆದಾರರ ಲೆಕ್ಕದಲ್ಲಿ ವಿಧಿಸುತ್ತಾರೆ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ. ನೋಂದಣಿಯ ವೇಳೆಗೇ ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನು ಕೊಡಿ.

ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಹಲವರು ಕೇಳುವುದೇ ಇಲ್ಲ. ಡೊಮೇನ್ ಹೆಸರು (ಅಂಗಡಿಯ ಇಂಟರ್ನೆಟ್ ವಿಳಾಸ), ಎಲ್ಲರ ಖಾತೆಗಳನ್ನು ನಿಯಂತ್ರಿಸುವ ಅಡ್ಮಿನ್ ಖಾತೆ, ಒಟಿಪಿ ಬರುವ ಮೊಬೈಲ್ ಸಂಖ್ಯೆ ಮೂರೂ ಮಾಲೀಕರದ್ದೇ ಆಗಿರಲಿ. ಕಂಪ್ಯೂಟರ್ ಹಾಕಿಕೊಟ್ಟವರದ್ದಾಗಲಿ, ನಾಳೆ ಕೆಲಸ ಬಿಡಬಹುದಾದ ಗುಮಾಸ್ತರದ್ದಾಗಲಿ ಬೇಡ. ಎರಡು ಹಂತದ ದೃಢೀಕರಣವನ್ನು (ಪಾಸ್‌ವರ್ಡಿನ ಜೊತೆಗೆ ಒಟಿಪಿಯಂಥ ಇನ್ನೊಂದು ಪರೀಕ್ಷೆ) ಎಲ್ಲರಿಗೂ ಕಡ್ಡಾಯ ಮಾಡಿ.

ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕಾಗಿರುವುದರಿಂದ, ಮುಂದೆ ಸೇವೆ ಬದಲಿಸಿದರೂ ಕಡತಗಳು ಕೈಗೆ ಸಿಗಬೇಕು. ಹಣ ಕಟ್ಟುವ ಮೊದಲೇ ಎಲ್ಲ ಕಡತಗಳನ್ನು ಒಮ್ಮೆ ಹಾರ್ಡ್ ಡಿಸ್ಕಿಗೆ ಇಳಿಸಿ, ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಿ.